ಬಣ್ಣ ಮಹಾಶಯರಿಗೊಂದು ಬಹಿರಂಗ ಪತ್ರ

ಮಾನ್ಯ ಬಣ್ಣ ಮಹಾಶಯರೇ,

ಕಾಂಪೌಂಡ್ ಗೇಟಿನಿಂದ ಹಿಡಿದು ಮೇಲ್ಸೇತುವೆಯವರೆಗೆ ನಮ್ಮ ಉಕ್ಕಿನ ಕೆಲಸಗಳಿಗೆಲ್ಲ ಕೊನೆಯ ಇನ್‌ಸ್ಪೆಕ್ಟರು ತಾವೇ. ವೆಲ್ಡರ್ ಎದ್ದು ಹೋದದ್ದೇ ತಡ, ಒಂದು ಕೋಟು ರೆಡ್ ಆಕ್ಸೈಡು, ಮೇಲೆರಡು ಕೋಟು ಎನಾಮೆಲ್, ಎಲ್ಲವೂ ಪಾಸು. ಬೆಸುಗೆಯ ಮೇಲೆ ಗಟ್ಟಿಯಾಗುವ ಗಸಿಯನ್ನು, ಅಂದರೆ ಸ್ಲ್ಯಾಗನ್ನು, ಕುಟ್ಟಿ ತೆಗೆಯದೆ ಅದರ ಮೇಲೇ ಇನ್ನೊಂದು ರನ್ ಎಳೆದಿದ್ದಾರೆಯೇ? ತಾವು ಕೇಳುವುದಿಲ್ಲ. ಕರೆಂಟು ಸಾಲದೆ ಲೋಹ ಬುಡಕ್ಕಿಳಿಯದೆ ಮೇಲೇ ಕೂತಿದೆಯೇ? ಕೂತಿರಲಿ. ಮಳೆಗಾಲದಲ್ಲಿ ತೇವ ಕುಡಿದ ವೆಲ್ಡಿಂಗ್ ರಾಡನ್ನು ಒಣಗಿಸದೆ ಹಚ್ಚಿದರೆ ಆ ನೀರಿನ ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಗಡಸು ಉಕ್ಕಾದರೆ ಬೆಸುಗೆ ಪೂರ್ತಿ ತಣಿದು, ಎಲ್ಲರೂ ಮನೆಗೆ ಹೋದ ಮೇಲೆ ಬಿರುಕು ಬಿಡುತ್ತದೆ. ಬಲ್ಲವರು 48 ಗಂಟೆ ಕಾದು ಪರೀಕ್ಷಿಸುವುದು ಇದಕ್ಕೇ. ತಮಗೆಲ್ಲಿ ಅಷ್ಟು ಪುರುಸೊತ್ತು? ಸಂಜೆಯೊಳಗೆ ಬಿಲ್ ಆಗಬೇಕಲ್ಲ.

ಇಂಥ ತಾವೂ ಒಮ್ಮೆ ವೃತ್ತಿಧರ್ಮ ಮರೆತು ಸಾಕ್ಷಿ ಹೇಳಿಬಿಟ್ಟಿರಿ. 1980ರ ಮಾರ್ಚ್ 27ರ ಸಂಜೆ, ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ, ಕಾರ್ಮಿಕರ ವಸತಿಯಾಗಿದ್ದ 'ಅಲೆಕ್ಸಾಂಡರ್ ಕೀಲ್ಯಾಂಡ್' ಎಂಬ ತೇಲುವ ವೇದಿಕೆಯ ಅಡ್ಡಕೊಳವೆಯೊಂದು ಮುರಿಯಿತು. ಐದು ಕಾಲುಗಳಲ್ಲಿ ಒಂದು ಕಳಚಿತು, ವೇದಿಕೆ ಮಗುಚಿತು. ಅಲ್ಲಿದ್ದ 212 ಜನರಲ್ಲಿ 123 ಮಂದಿ ತೀರಿಕೊಂಡರು.

ಆ ಅಡ್ಡಕೊಳವೆಗೆ ತೂತು ಕೊರೆದು, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನಿಗೆಂದು ಗಿಡ್ಡ ಕೊಳವೆಯೊಂದನ್ನು ಕೂರಿಸಿದ್ದರು. ಭಾರ ಹೊರುವ ಭಾಗವಲ್ಲವಲ್ಲ, ಅದಕ್ಕೆ ಬರೀ 6 ಮಿ.ಮೀ. ಫಿಲೆಟ್ ಬೆಸುಗೆ. ಅದೂ ಬುಡಕ್ಕೆ ಸರಿಯಾಗಿ ಇಳಿದಿರಲಿಲ್ಲ. ತಪ್ಪು ಬೆಸುಗೆಯದಷ್ಟೇ ಅಲ್ಲ. ಉಕ್ಕನ್ನು ರೋಲರಿಗೆ ಕೊಟ್ಟಾಗ ಅದರೊಳಗಿನ ಕಲ್ಮಶ ಚಪ್ಪಟೆಯಾಗಿ ಪದರ ಪದರವಾಗಿ ಉಳಿಯುತ್ತದೆ. ಬೆಸುಗೆ ತಣಿಯುತ್ತ ಕುಗ್ಗಿ ತಗಡನ್ನು ದಪ್ಪದ ದಿಕ್ಕಿಗೆ ಜಗ್ಗಿದರೆ ಆ ಪದರಗಳು ಬಿಡುತ್ತವೆ. ಗಿಡ್ಡ ಕೊಳವೆಯಲ್ಲಿ ಇದೂ ಆಗಿತ್ತು. ಮುಂದಿನದನ್ನು ಅಲೆಗಳು ನೋಡಿಕೊಂಡವು. ಒಂದೊಂದು ಹೊಡೆತಕ್ಕೂ ಬಿರುಕು ಕೂದಲೆಳೆಯಷ್ಟು ಮುಂದೆ ಸರಿದು ದೊಡ್ಡ ಕೊಳವೆಯ ಸುತ್ತಳತೆಯ ಬಹುಭಾಗವನ್ನೇ ಸುತ್ತಿತು.

ತನಿಖೆಯವರು ಮುರಿದ ಮುಖವನ್ನು ಹತ್ತಿರದಿಂದ ನೋಡಿದರೆ, ಬಿರುಕಿನ ಒಳಗೆ ತಾವು! ಅಂದರೆ ಬ್ರಷ್ಷು ಆಡುವಾಗಲೇ ಬೆಸುಗೆ ಬಾಯಿಬಿಟ್ಟಿತ್ತು. 1976ರಲ್ಲಿ ವೇದಿಕೆ ಫ್ರಾನ್ಸಿನ ಯಾರ್ಡ್ ಬಿಟ್ಟು ಹೊರಡುವ ಮುಂಚೆಯೇ. ತಾವು ಅದನ್ನು ಕಂಡಿರಿ, ಒಳಗೂ ಇಳಿದಿರಿ. ನಾಲ್ಕು ವರ್ಷ ತುಟಿ ಎರಡು ಮಾಡಲಿಲ್ಲ.

ತಮ್ಮ ಮೇಲೆ ಸಿಟ್ಟಿಲ್ಲ. ಡಬ್ಬಿಯ ಮುಚ್ಚಳ ತೆರೆದವರು ಬೇರೆಯವರು. ಕೋರಿಕೆ ಇಷ್ಟೇ: ನಮ್ಮೂರಿನ ಹೊಸ ಪಾದಚಾರಿ ಸೇತುವೆಗೆ ದಯವಿಟ್ಟು ಎರಡು ದಿನ ತಡವಾಗಿ ಬನ್ನಿ. ಒಳಬಿರುಕು ಹುಡುಕುವ ಅಲ್ಟ್ರಾಸಾನಿಕ್ ಯಂತ್ರ ಹಿಡಿದವರು ಒಬ್ಬರು ಮೊದಲು ಬಂದು ಹೋಗಲಿ.

ಇತಿ,
ಆ ಸೇತುವೆ ಹತ್ತಲಿರುವವ