ಎಸ್‌ಟಿಪಿ ಕೈಪಿಡಿ: ಸಂಘದ ಹೊಸ ಕಾರ್ಯದರ್ಶಿಗಳಿಗೆ

ಅಭಿನಂದನೆಗಳು. ವಿಮಾನಪುರದ ತಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಗೆ ತಡವಾಗಿ ಬಂದ ಕಾರಣಕ್ಕೆ ತಾವು ಅವಿರೋಧವಾಗಿ ಕಾರ್ಯದರ್ಶಿಯಾಗಿದ್ದೀರಿ. ಬೇಸ್‌ಮೆಂಟಿನ ಮೂಲೆಯಲ್ಲಿ, ಜನರೇಟರ್ ಪಕ್ಕದ ಕಬ್ಬಿಣದ ಬಾಗಿಲಿನಾಚೆ ಇರುವ ಕೊಳಚೆ ನೀರು ಶುದ್ಧೀಕರಣ ಘಟಕ, ಅಂದರೆ ಎಸ್‌ಟಿಪಿ, ಇಂದಿನಿಂದ ತಮ್ಮದು. ಬಾಗಿಲು ತೆರೆಯುವ ಮುನ್ನ ಇದನ್ನು ಓದಿ. ಓದಿದ ಮೇಲೂ ತೆರೆಯುವ ಮನಸ್ಸಾಗದಿದ್ದರೆ ಚಿಂತೆಯಿಲ್ಲ, ಹಿಂದಿನವರೂ ತೆರೆದಿರಲಿಲ್ಲ.

ಸಿಬ್ಬಂದಿ. ಆಪರೇಟರ್ ಒಬ್ಬರಿದ್ದಾರೆ, ಆದರೆ ನಿಜವಾದ ಕೆಲಸಗಾರರು ಗಾಳಿ ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾ. ತಮ್ಮೆಲ್ಲರ ಮನೆಯ ಹೊಲಸನ್ನು ತಿಂದು ನೀರನ್ನು ತಿಳಿಯಾಗಿಸುವುದು ಇವೇ. ಬೋನಸ್ ಕೇಳುವುದಿಲ್ಲ, ಕೇಳುವುದು ಗಾಳಿ ಮಾತ್ರ, ಹಗಲೂ ರಾತ್ರಿ. ಗಾಳಿ ಕೊಡುವ ಬ್ಲೋವರ್ ಕರೆಂಟ್ ತಿನ್ನುತ್ತದೆ. ಆದ್ದರಿಂದ ಮೊದಲ ತಿಂಗಳೇ ಖಜಾಂಚಿಗಳು, ‘ರಾತ್ರಿ ಹತ್ತರಿಂದ ಆರರವರೆಗೆ ಆಫ್ ಮಾಡಿದರೇನ್ ಸಾರ್, ಎಲ್ರೂ ಮಲಗಿರ್ತಾರಲ್ಲ’ ಎನ್ನುತ್ತಾರೆ. ಬ್ಯಾಕ್ಟೀರಿಯಾ ಮಲಗುವುದಿಲ್ಲ, ಉಸಿರುಗಟ್ಟುತ್ತವೆ. ಅವುಗಳ ಜಾಗಕ್ಕೆ ಗಾಳಿಯೇ ಬೇಡದ ಬೇರೆ ಜಾತಿಯವು ಬಂದು ಕೂರುತ್ತವೆ.

ಪರೀಕ್ಷೆಗೆ ಲ್ಯಾಬ್ ಬೇಕಿಲ್ಲ. ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಬಿಡಿ. ಕಂದು ಕೆಸರು ಕೆಳಗಿಳಿದು ಮೇಲೆ ತಿಳಿನೀರು ನಿಂತರೆ ಕ್ಷೇಮ. ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ, ತಾವು ಮೂಸುತ್ತಿರುವುದು ಖಜಾಂಚಿಗಳ ಉಳಿತಾಯ.

ಕಮೋಡಿಗೆ ಹಾಕಬಾರದವು. ವೈಪ್ಸ್, ಸಿಗರೇಟ್ ತುಂಡು, ಹಬ್ಬದ ಕರಿದೆಣ್ಣೆ. ಲಿಫ್ಟಿನಲ್ಲಿ ನೋಟಿಸ್ ಅಂಟಿಸಿ. ಯಾರೂ ಓದುವುದಿಲ್ಲ.

ಎಚ್ಚರಿಕೆ. ತೊಟ್ಟಿಯೊಳಗೆ ಯಾರನ್ನೂ ಇಳಿಸಬೇಡಿ. ಹಗ್ಗ ಕಟ್ಟಿ, ಐದೇ ನಿಮಿಷ ಎಂದು, ಸಾವಿರ ರೂಪಾಯಿ ಹೆಚ್ಚು ಕೊಟ್ಟು ಇಳಿಸುವುದೂ ಇಳಿಸಿದಂತೆಯೇ. ಒಳಗಿನ ಅನಿಲ ಐದು ನಿಮಿಷ ಕಾಯುವುದಿಲ್ಲ. ಹೀಗೆ ಇಳಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಇರುವುದು ಇದಕ್ಕೇ. ಸಕ್ಕಿಂಗ್ ಗಾಡಿ ಕರೆಸಿ. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದ ಭಾಗ ಇದೊಂದೇ.

ಶುದ್ಧವಾದ ನೀರು. ಮರಳು ಮತ್ತು ಇದ್ದಿಲಿನ ಫಿಲ್ಟರ್ ದಾಟಿ, ಕ್ಲೋರಿನ್ ಹಾಕಿಸಿಕೊಂಡು, ಬೇರೆ ಪೈಪಿನಲ್ಲಿ ಫ್ಲಶ್ಶಿಗೆ ಮರಳಿ ಹೋಗುತ್ತದೆ. ತುಸು ಹಳದಿ ಕಂಡರೂ ವಾಟ್ಸ್ಯಾಪಿನಲ್ಲಿ ಕಮೋಡಿನ ಫೋಟೋಗಳು ಬರುತ್ತವೆ. ಉತ್ತರಿಸಬೇಡಿ. 2024ರ ಮಾರ್ಚಿನಲ್ಲಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ ಐದು ಸಾವಿರ ದಂಡ ಎಂದು ಜಲಮಂಡಳಿ ಹೇಳಿದಾಗ, ಇದೇ ಹಳದಿ ನೀರಿಗೆ ಬಕೆಟ್ ಹಿಡಿದು ನಿಂತವರು ಯಾರೆಂದು ನೆನಪಿಟ್ಟುಕೊಳ್ಳಿ.

ಸರಿಯಾಗಿ ಶುದ್ಧವಾಗದ್ದನ್ನು ರಾತ್ರಿ ಚರಂಡಿಗೆ ಬಿಡುವ ಸಂಪ್ರದಾಯವೂ ಉಂಟು. ಆ ನೀರು ಯಮಲೂರಿನ ಕಡೆಗೆ ಇಳಿದರೆ ಬೆಳ್ಳಂದೂರು ಕೆರೆ. ಸೋಪು, ಡಿಟರ್ಜೆಂಟುಗಳ ಅಂಶ ಕೆರೆಯ ಕೆಸರಿನಲ್ಲಿ ಕೂತಿದ್ದು, ಮಳೆ ಬಂದು ಕಲಕಿದಾಗ ಕೋಡಿಯಲ್ಲಿ ಆಳೆತ್ತರದ ನೊರೆಯಾಗಿ ಏಳುತ್ತಿತ್ತು. 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಬಿತ್ತು. 2017ರಲ್ಲಿ ಕೆರೆ ಮತ್ತೆ ಹೊತ್ತಿತು. 2018ರ ಜನವರಿಯಲ್ಲಂತೂ ಆರಿಸಲು ಸೈನಿಕರು ಬಂದರು. ನೀರಿಗೆ ಬೆಂಕಿ ಹಚ್ಚುವ ವಿದ್ಯೆಯನ್ನು ಪುರಾಣದ ಅಸ್ತ್ರಗಳ ನಂತರ ಸಾಧಿಸಿದವರು ನಾವೇ ಇರಬೇಕು.

ದೂರ ಹರಿದುಹೋದರೆ ನಮಗೇನು ಎನ್ನುವಂತಿಲ್ಲ, ಈಗ ಆ ದೂರದಲ್ಲೂ ಊರುಗಳಿವೆ. ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ನಗರದ ಸಂಸ್ಕರಿಸಿದ ನೀರನ್ನು ಕೋಲಾರದ ಒಣಗಿದ ಕೆರೆಗಳಿಗೆ ಪಂಪ್ ಮಾಡುತ್ತಾರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಊರವರಿಗೆ ಸಂಭ್ರಮ. ಮರುತಿಂಗಳು ಅದರ ಹಿಂದೆಯೇ ಬೆಂಗಳೂರಿನ ನೊರೆಯೂ ಬಂತು, ಪಂಪು ನಿಲ್ಲಿಸಬೇಕಾಯಿತು.

ತೊಂದರೆ, ಪರಿಹಾರ. ವಾಸನೆ ಬಂದರೆ: ಬ್ಲೋವರ್ ಓಡುತ್ತಿದೆಯೇ ನೋಡಿ. ತೊಟ್ಟಿಯಲ್ಲಿ ಬಿಳಿ ನೊರೆ ಎದ್ದರೆ: ಕೆಸರು ತೆಳುವಾಗಿದೆ, ಕೆಲವು ದಿನ ಹೊರಹಾಕಬೇಡಿ. ಖಜಾಂಚಿಗಳು ಕರೆಂಟ್ ಬಿಲ್ ಹಿಡಿದು ಬಂದರೆ: ಅವರ ಕಾರ್ ಪಾರ್ಕಿಂಗನ್ನು ಆ ಕಬ್ಬಿಣದ ಬಾಗಿಲಿನ ಎದುರಿಗೆ ಬದಲಾಯಿಸಿ.