ಬೈ-ಟು ರಾಯರು

ಅವರ ಹೆಸರು ಬೇಡ. ಉಡುಪಿಯ ಯಾವ ಹೋಟೆಲಿನಲ್ಲಿ ನಿಂತು 'ರಾಯರೇ' ಎಂದರೂ ಮೂರು ಟೇಬಲಿನವರು ತಿರುಗಿ ನೋಡುತ್ತಾರೆ; ಅವರಲ್ಲಿ ಒಬ್ಬರು ಇವರು. ಗುರುತು ಬೇಕೆಂದರೆ, ಕೂರುವ ಮೊದಲೇ ಬಿಸಿನೀರು ಕೇಳುವವರು. ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. 2020ರಲ್ಲಿ ಬ್ಯಾಂಕು ಕೆನರಾದೊಳಗೆ ಕರಗಿತು, ರಾಯರ ಹೊಟ್ಟೆ ಕರಗಲಿಲ್ಲ. ಮಣಿಪಾಲದ ಡಾಕ್ಟರು ರಿಪೋರ್ಟು ನೋಡಿ, "ಹೊರಗಿನ ತಿಂಡಿ ಕಮ್ಮಿ ಮಾಡಿ" ಎಂದರು. ರಾಯರು ಅದನ್ನು 'ಅರ್ಧ ಮಾಡಿ' ಎಂದು ನಮೂದಿಸಿಕೊಂಡರು. ಉಳಿದರ್ಧಕ್ಕೆ ಒಬ್ಬ ಮನುಷ್ಯ ಬೇಕಲ್ಲ? ನಾನು ಸಿಕ್ಕಿದೆ.

ಬೆಳಗ್ಗೆ ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ವಾಕಿಂಗ್. ಹೆಜ್ಜೆಗಳನ್ನು ಮೊಬೈಲು ಎಣಿಸುತ್ತದೆ, ಅಷ್ಟು ಹೆಜ್ಜೆಗೆ ಏನೇನು ತಿನ್ನಬಹುದೆಂದು ರಾಯರು ಎಣಿಸುತ್ತಾರೆ. 1928ರಲ್ಲಿ ಅವರ ಬ್ಯಾಂಕು ದಿನಕ್ಕೆ ಎರಡಾಣೆಯಾದರೂ ಸರಿ ಎಂದು ಮನೆಬಾಗಿಲಿಗೇ ಬಂದು ಕಟ್ಟಿಸಿಕೊಳ್ಳುವ ಪಿಗ್ಮಿ ಶುರು ಮಾಡಿತಲ್ಲ, ಇವರ ಪಥ್ಯವೂ ಅದೇ ಲೆಕ್ಕ. ಚಾಕ್ಕೆ ಸಕ್ಕರೆ ಬಿಟ್ಟರೆ ಇಷ್ಟು ಜಮೆ, ದೋಸೆಗೆ ತುಪ್ಪ ಬಿಟ್ಟರೆ ಇಷ್ಟು. ಕಟ್ಟುವುದು ಚಿಲ್ಲರೆಯಲ್ಲಿ, ತೆಗೆಯುವುದು ಇಡಿಗಂಟಾಗಿ, ಭಾನುವಾರ ಸಂಜೆ, ಡಯಾನಾ ಹೋಟೆಲಿನಲ್ಲಿ, ಬಡ್ಡಿ ಸಮೇತ. ಗಡ್‌ಬಡ್‌ನ ಉದ್ದ ಗ್ಲಾಸಿಗೆ ಉದ್ದ ಚಮಚ ಇಳಿಸುತ್ತಾ ಅವರು ಹೇಳಿದ್ದು: "ಒಳಗೆ ಹಣ್ಣುಂಟು ಮಾರಾಯ್ರೆ. ಹಣ್ಣಿಗೆ ಹೋಗುವ ದಾರಿಯಲ್ಲಿ ಐಸ್‌ಕ್ರೀಮ್ ಸಿಕ್ಕಿದರೆ ಎಂತ ಮಾಡುವುದು?"

ರಥಬೀದಿಯ ಹತ್ತಿರದ ಹೋಟೆಲಿನಲ್ಲಿ ದಿನಾ ನಡೆಯುವ ಸಂಭಾಷಣೆ ನನಗೆ ಬಾಯಿಪಾಠವಾಗಿದೆ.

"ಎಂತ ಉಂಟು?"

"ಗೋಳಿಬಜೆ, ಬನ್ಸ್, ನೀರುದೋಸೆ..."

"ಎಣ್ಣೆಯದ್ದು ಬೇಡ." ಒಂದು ನಿಟ್ಟುಸಿರು. "ಬನ್ಸ್ ಬಿಸಿ ಉಂಟಾ?"

ಬನ್ಸ್ ಮೈದಾದ್ದು, ಎಣ್ಣೆಯಲ್ಲಿ ಮುಳುಗೆದ್ದದ್ದು ಎಂದು ನಾನು ನೆನಪಿಸಿದರೆ, ಅದಾಗಲೇ ಬಾಳೆಹಣ್ಣಿನ ಖಾತೆಗೆ ವರ್ಗವಾಗಿರುತ್ತದೆ. ನೀರುದೋಸೆಗೆ ಎಣ್ಣೆ ಇಲ್ಲ, ಆದ್ದರಿಂದ ಕಾಯಿಬೆಲ್ಲಕ್ಕೆ ಲೆಕ್ಕವಿಲ್ಲ. ಬೂದುಗುಂಬಳ ಒಳ್ಳೆಯದೆಂದು ಯಾರೋ ಹೇಳಿದ್ದಾರೆ. ಹಾಗಾದರೆ ಕಾಶಿಹಲ್ವ ಯಾವುದರದ್ದು? ತರಕಾರಿ ಹೆಚ್ಚು ತಿನ್ನಿ ಎಂದು ಡಾಕ್ಟರು ಹೇಳಿದ್ದೋ, ಸರಿಯಾಗಿ ಚಾತುರ್ಮಾಸ್ಯದ ಮೊದಲ ತಿಂಗಳು. ಶಾಕವ್ರತ, ತರಕಾರಿ ಮುಟ್ಟುವಂತಿಲ್ಲ. ಅಷ್ಟಮಠಗಳ ಊರಿನಲ್ಲಿದ್ದು ವ್ರತಭಂಗ ಮಾಡಲಿಕ್ಕುಂಟೇ? ಬೇಳೆಕಾಳು ಬಿಡಬೇಕಾದ ನಾಲ್ಕನೆಯ ತಿಂಗಳು ಬಂತೋ, ಸಾಂಬಾರಿನಲ್ಲಿ ಅದ್ದಿದ ಉದ್ದಿನವಡೆ ಕಣ್ಣೆದುರು ನಿಂತು, ತಾವು ಅಂಥ ಮಡಿವಂತರೇನಲ್ಲ ಎಂಬುದು ಅವರಿಗೆ ಅರಿವಾಗುತ್ತದೆ.

ಗೋಳಿಬಜೆ ಬಂದ ದಿನ ನೋಡಬೇಕು. (ಬೇಡವೆಂದರೂ ಅದು ಬರುತ್ತದೆ.) ಒಂದೊಂದನ್ನೇ ಎತ್ತಿ, ಕಾಗದದ ನಡುವೆ ಇಟ್ಟು, ಹೆಬ್ಬೆರಳಿನಿಂದ ಹದವಾಗಿ ಒತ್ತುತ್ತಾರೆ, ಬ್ಯಾಂಕಿನಲ್ಲಿ ಸೀಲು ಹೊಡೆದ ಕೈ. ಕಾಗದ ಎಣ್ಣೆ ಕುಡಿದು ಕನ್ನಡಿಯಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು, "ನೋಡಿ, ಇಷ್ಟೂ ನನ್ನ ಹೊಟ್ಟೆಗೆ ಹೋಗುವುದಿತ್ತು" ಎನ್ನುತ್ತಾರೆ. ಆ ಉಳಿತಾಯದ ಬಲದ ಮೇಲೆ ಇನ್ನೊಂದು ಪ್ಲೇಟು. ಚಟ್ನಿ ಮೂರು ಸಲ. ತೆಂಗಿನಕಾಯಿ ಊರಿನದ್ದೇ ಅಲ್ಲವೇ. ಎಲ್ಲವೂ ಬೈ-ಟು. ಅರ್ಧರ್ಧ ತಿನ್ನುವುದರಿಂದ ಇಬ್ಬರೂ ಎರಡರಷ್ಟು ಬಗೆ ತಿನ್ನುತ್ತೇವೆ.

ವ್ಯಾಯಾಮಕ್ಕೆಂದು ಕಾಪುವಿಗೆ ಹೋದೆವು. 1901ರ ದೀಪಸ್ತಂಭದ ಮೆಟ್ಟಿಲುಗಳನ್ನು ರಾಯರು ನಿಜಕ್ಕೂ ಹತ್ತಿದರು. ಇಳಿದವರೇ ಮಟ್ಟುಗುಳ್ಳದ ಪೋಡಿ ಎಲ್ಲಿ ಸಿಗುತ್ತದೆಂದು ವಿಚಾರಿಸಿದರು. "2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದ ಬದನೆ. ಬೆಳೆಗಾರರನ್ನು ನಾವೇ ಕೈಬಿಟ್ಟರೆ?" ಕಾರ್ಕಳದಲ್ಲಿ, 1432ರಿಂದ ಬಿಸಿಲು ಮಳೆಗೆ ಮೈಯೊಡ್ಡಿ ನಿಂತ 42 ಅಡಿಯ ಬಾಹುಬಲಿಯನ್ನು ತುಂಬಾ ಹೊತ್ತು ನೋಡಿದರು. "ಚೂರೂ ಬೊಜ್ಜಿಲ್ಲ" ಎಂದರು, ಸಣ್ಣ ದನಿಯಲ್ಲಿ. ಬೆಟ್ಟ ಇಳಿದ ಮೇಲೆ ಮಸಾಲೆದೋಸೆ, ಬೈ-ಟು, ತುಪ್ಪವಿಲ್ಲದೆ.

ಕಳೆದ ತಿಂಗಳು ಇಬ್ಬರೂ ಒಂದೇ ದಿನ ರಕ್ತ ಕೊಟ್ಟೆವು. ರಾಯರ ಶುಗರ್ ಇದ್ದಲ್ಲೇ ಇತ್ತು. ಅಷ್ಟರವರೆಗೆ ಆ ಶಬ್ದದ ಗೊಡವೆಯೇ ಇಲ್ಲದ ನನ್ನದು ಗೆರೆ ದಾಟಿತ್ತು. ರಾಯರು ಕನ್ನಡಕ ಮೂಗಿಗಿಳಿಸಿ ನನ್ನ ರಿಪೋರ್ಟನ್ನು ಆಡಿಟಿನವರ ಹಾಗೆ ಸಾಲುಸಾಲಾಗಿ ಓದಿದರು.

"ಹೋಟೆಲಿನಲ್ಲಿ ಸ್ವಲ್ಪ ನೋಡಿ ತಿನ್ನಬೇಕು ಮಾರಾಯ್ರೆ ನೀವು" ಎಂದು, ಸಪ್ಲೈಯರ್‌ನನ್ನು ಕರೆದರು. "ಇವರಿಗೆ ಬರೀ ಬಿಸಿನೀರು. ನನಗೆ ಬನ್ಸ್."

ಅವನು ಬನ್ಸ್ ತಂದ. ಅಭ್ಯಾಸಬಲದಿಂದ ಒಂದು ಖಾಲಿ ಪ್ಲೇಟನ್ನೂ ತಂದು ನನ್ನ ಮುಂದೆ ಇಟ್ಟು ಹೋದ.