ಅಷ್ಟಮಿಯ ರಿಯಾಯಿತಿ

ಹೇಳಿದ ಬೆಲೆಗೆ ವಸ್ತು ಕೊಳ್ಳುವವನಿಗೆ ನಮ್ಮ ಶಹಾಪುರದಲ್ಲಿ ಮರ್ಯಾದೆಯಿಲ್ಲ. ಅಂಗಡಿಯವನೇ ಮೊದಲು ಅವನನ್ನು ಅನುಮಾನದಿಂದ ನೋಡುತ್ತಾನೆ. ಖಡೇಬಜಾರದ ಸೀರೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು, ಅವರದೇ ಚಹಾ ಕುಡಿದು, ಗುಡ್ಡೆಗಟ್ಟಲೆ ಸೀರೆ ಬಿಚ್ಚಿಸಿ, "ಇದರಾಗ ಬ್ಯಾರೆ ಬಣ್ಣ ಐತೇನ್ರಿ?" ಎಂದು ಕೇಳಿ, ಎದ್ದು ಮೆಟ್ಟಿಲಿನ ತನಕ ನಡೆದು, ಹಿಂದಿನಿಂದ "ಬರ್ರಿ ಅಕ್ಕಾರ, ಕಡೀದು ಹೇಳತೇನಿ" ಎಂದು ಕರೆಸಿಕೊಂಡು ಮರಳಿದರೇ ಅದು ವ್ಯಾಪಾರ.

ಇಂಥ ಊರಿನವರಿಗೆ ಪ್ರವಾಸದ ಟಿಕೆಟು ಮಾರುವುದು ಸುಲಭವಲ್ಲ. ಅದಕ್ಕೆ ಚರಿತ್ರೆಯ ಕಾರಣವೂ ಇದೆ. 1948ರವರೆಗೆ ಶಹಾಪುರ ಸಾಂಗಲಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿತ್ತು. ಮಗ್ಗುಲಿನ ಬೆಳಗಾವಿ ಬ್ರಿಟಿಷರದು. ನಮ್ಮ ಅಜ್ಜಂದಿರು ಊಟವಾದ ಮೇಲೆ ಎಲೆಯಡಿಕೆ ಮೆಲ್ಲುತ್ತ ಅಡ್ಡಾಡಲು ಹೊರಟರೂ ಇನ್ನೊಂದು ಸರಕಾರದ ಸೀಮೆ ಮುಟ್ಟಿ ಬರುತ್ತಿದ್ದರು. ಪುಕ್ಕಟೆಯಾಗಿ ಪರರಾಜ್ಯ ತಿರುಗಿದ ವಂಶದವರಿಗೆ ರೊಕ್ಕ ಕೊಟ್ಟು ಊರು ನೋಡುವುದು ಒಗ್ಗಬೇಕಾದರೂ ಹೇಗೆ?

ಆದರೂ ಆ ಕರಪತ್ರ ಎಲ್ಲರನ್ನೂ ಕೆಡಿಸಿತು. "ಒಂದೇ ದಿನದಲ್ಲಿ ಜಲಪಾತ, ಕೋಟೆ, ದ್ವೀಪ, ಬೀಚ್! ಒಟ್ಟು 9 ಪಾಯಿಂಟ್! ಗೈಡ್ ಸಹಿತ!" ಆಂಬೋಲಿಯ ಜಲಪಾತ, ಮಾಲವಣದ ಸಿಂಧುದುರ್ಗ ಕೋಟೆ, ದೇವಬಾಗದ ಸುನಾಮಿ ಐಲ್ಯಾಂಡ್. ಹೋಗಲು ಸುಮಾರು 150 ಕಿಲೋಮೀಟರ್, ಬರಲೂ ಅಷ್ಟೇ. ಕೆಳಗೆ ಸಣ್ಣಕ್ಷರದಲ್ಲಿ "ಊಟ ಪ್ರತ್ಯೇಕ" ಎಂದಿತ್ತು. ಅದನ್ನು ಮೊದಲು ಓದಿದವರು ನಮ್ಮ ಗಲ್ಲಿಯ ಸೀರೆ ಅಂಗಡಿಯ ಅಣ್ಣಾವರು.

ಜಲಪಾತವನ್ನೂ ದ್ವೀಪವನ್ನೂ ಒಂದೇ ಟಿಕೆಟಿನಲ್ಲಿ ಕೊಡುತ್ತೇನೆನ್ನುವುದು ಎಷ್ಟು ದೊಡ್ಡ ಸಾಹಸವೆಂಬುದು ಪಂಚಾಂಗ ನೋಡುವವರಿಗೇ ಗೊತ್ತು. ಆಂಬೋಲಿಯಲ್ಲಿ ಆಷಾಢ ಶ್ರಾವಣಗಳಲ್ಲಿ ನೀರು ಸೊಕ್ಕಿರುತ್ತದೆ. ಆಗ ಸಮುದ್ರವೂ ಸೊಕ್ಕಿರುತ್ತದೆ. ಮೇ ಕೊನೆಗೆ ದೋಣಿಗಳು ದಡ ಹತ್ತಿದರೆ ಇಳಿಯುವುದು ಸೆಪ್ಟೆಂಬರಿಗೇ. ದೋಣಿ ಆರಾಮಾಗಿ ಓಡಾಡುವ ಡಿಸೆಂಬರಿನಲ್ಲಿ ಹೋದರೆ ಜಲಪಾತದ ಜಾಗದಲ್ಲಿ ಒದ್ದೆ ಬಂಡೆ ಕಾಣುತ್ತದೆ. ಎರಡೂ ಒಟ್ಟಿಗೆ ಸಿಗುವುದು ಗಣಪತಿಯನ್ನು ಕಪಿಲೇಶ್ವರ ಹೊಂಡದಲ್ಲಿ ಬಿಟ್ಟು ಬಂದ ಮೇಲಿನ ಕೆಲವು ವಾರಗಳಲ್ಲಿ ಮಾತ್ರ. ಅದು ಪಿತೃಪಕ್ಷ. ಪಿತೃಪಕ್ಷದಲ್ಲಿ ಹೊಸ ಸೀರೆ ಯಾರೂ ಕೊಳ್ಳುವುದಿಲ್ಲ. ಅಂಗಡಿಯಲ್ಲಿ ನೊಣ ಹೊಡೆಯುವ ಬದಲು ಅಣ್ಣಾವರು ಪ್ರವಾಸಕ್ಕೆ ಮನಸ್ಸು ಮಾಡಿದರು. 1,600 ರೂಪಾಯಿಯ ಸೀಟನ್ನು 1,450ಕ್ಕೆ ಇಳಿಸಿ, ಅದರಲ್ಲೂ 200 ರೂಪಾಯಿಯನ್ನು "ಮಾಲು ನೋಡಿ ಕೊಡತೇವಿ" ಎಂದು ಬಾಕಿ ಉಳಿಸಿಕೊಂಡರು. ಗಲ್ಲಿಯವರೆಲ್ಲ ಅದೇ ದರಕ್ಕೆ ಹೊರಟೆವು.

ಬಸ್ಸು ನಾಥ ಪೈ ಸರ್ಕಲ್ ಬಿಡುವುದು ಬೆಳಿಗ್ಗೆ ಐದಕ್ಕೆ ಎಂದಿತ್ತು. ಅದನ್ನೂ ಚೌಕಾಶಿ ಮಾಡಿ ಆರಕ್ಕೆ ತಂದರು. ನಮ್ಮ ಮಾವಶಿ ರೊಟ್ಟಿ ಬುತ್ತಿ, ಶೇಂಗಾ ಚಟ್ನಿ, ಮೊಸರನ್ನದ ಡಬ್ಬಿಗಳೊಂದಿಗೆ ಎರಡು ಸೀಟು ಹಿಡಿದರು. ಗೈಡ್ ಜಾಂಬೋಟಿ ಕಡೆಯ ಹುಡುಗ. ಕೈಯಲ್ಲಿ ಮೈಕು, ಬಾಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಬೆರೆತ ಮಾತು.

"ತಮ್ಮಾ, ಖಾನಾಪುರ ತಾಲೂಕಿನಾಗ ನಿಮ್ಮೂರ ಹಂತ್ಯಾಕ ವಜ್ರಪೋಹಾ ಜಲಪಾತ ಐತಿ. ಅದನ್ನ ಬಿಟ್ಟು ನಮ್ಮನ್ನ ಮಹಾರಾಷ್ಟ್ರಕ್ಕ ಯಾಕ ಒಯ್ತಿ?" ಎಂದರು ಅಣ್ಣಾವರು.

"ಮಳಿಗಾಲದಾಗ ಆ ಕಾಡಿನ ದಬದಬಿಗೆಲ್ಲಾ ಫಾರೆಸ್ಟಿನವ್ರು ಬಿಡೂದಿಲ್ರಿ ಅಣ್ಣಾರ. ಬಿಟ್ರೂ ರಾಡಿಯೊಳಗ ನಡೀಬೇಕು. ನಡ್ಯಾವ್ರು ಎಷ್ಟ್ ಮಂದಿ ಅದೀರಿ, ಕೈ ಎತ್ರಿ ನೋಡೋಣು."

ಕೈ ಎತ್ತುವ ಬದಲು ಎಲ್ಲರೂ ಮಾವಶಿಯ ಡಬ್ಬಿಗೆ ಕೈ ಹಾಕಿದರು. ಹುಡುಗ ಸಾಮಾನ್ಯನಲ್ಲ ಎಂದು ನನಗೆ ಆಗಲೇ ಅನ್ನಿಸಿತು.

ಹಿಂಡಲಗಾ, ಸುಳಗಾ, ಬಾಚಿ ದಾಟಿ ಶಿನೋಳಿಯಲ್ಲಿ ರಾಜ್ಯ ಬದಲಾಯಿತು. ಇದು ಹಳೆಯ ವೆಂಗುರ್ಲಾ ರಸ್ತೆ. ರೈಲು ಬರುವುದಕ್ಕೆ ಮುಂಚೆ ಬೆಳಗಾವಿಗೆ ಬಂದರು ಎಂದರೆ ವೆಂಗುರ್ಲಾ. ಘಟ್ಟದ ಮೇಲಿನ ಮಾಲು ಇಳಿಯುತ್ತಿದ್ದುದು, ಹಡಗಿನಿಂದ ಇಳಿದದ್ದು ಏರುತ್ತಿದ್ದುದು ಈ ಕಡೆಯಿಂದಲೇ. ಗೈಡ್ ಇದನ್ನು ಹೇಳಿದಾಗ ಅಣ್ಣಾವರ ಮುಖ ಅರಳಿತು. ವ್ಯಾಪಾರದ ರಸ್ತೆ ಎಂದರೆ ಅವರಿಗೆ ತೀರ್ಥಯಾತ್ರೆಯ ಹಾದಿ.

ಮೊದಲ ಪಾಯಿಂಟು ಕಾವಳೆಸಾದ. ಕೆಳಗೆ ಪ್ರಪಾತ, ತುಂಬ ಮಂಜು, ಎದುರಿನಿಂದ ಮುಖಕ್ಕೆ ರಾಚುವ ಗಾಳಿ. ಇಲ್ಲಿ ತೊರೆಯ ನೀರು ಅಂಚಿನಿಂದ ಧುಮುಕುತ್ತದೆ. ಕಣಿವೆಯಿಂದ ಏರಿ ಬರುವ ಮಳೆಗಾಳಿ ಅದನ್ನು ನಡುವಿನಲ್ಲೇ ಹಿಡಿದು ವಾಪಸು ಮೇಲಕ್ಕೆಸೆಯುತ್ತದೆ. ಬೀಳಲು ಹೋದ ನೀರು ನಮ್ಮ ತಲೆಯ ಮೇಲೆಯೇ ಬಂದು ಸುರಿಯಿತು. ಎಲ್ಲರೂ ಹೋ ಎಂದು ಕೂಗಿದರು. ಅಣ್ಣಾವರು ಮಾತ್ರ ಗಂಭೀರವಾಗಿ ಕನ್ನಡಕ ಒರೆಸಿಕೊಂಡು, "ಒಮ್ಮೆ ಮಾರಿದ ಮಾಲು ವಾಪಸ್ ತಗೊಳ್ಳಾಕ ಹತ್ಯಾರ ನೋಡ್ರಿ. ಇಂಥಾ ಧಂಧೆ ಎಷ್ಟ್ ದಿವಸ ನಡದೀತು?" ಎಂದರು.

ಅಲ್ಲಿಂದ ಹಿರಣ್ಯಕೇಶಿ. ಆಂಬೋಲಿ ಸುಮಾರು 690 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ ಸುರಿಯುವ ಮಳೆ 700 ಸೆಂಟಿಮೀಟರಿನ ಆಸುಪಾಸು. ಆ ನೀರಿಗೆ ಘಟ್ಟದ ನೆತ್ತಿಯಲ್ಲಿ ಎರಡು ದಾರಿ. ಪಡುವಣಕ್ಕೆ ಹೊರಳಿದ್ದು ರಸ್ತೆಬದಿಯ ಜಲಪಾತವಾಗಿ ಕೊಂಕಣಕ್ಕೆ ಧುಮುಕಿ ಅರಬ್ಬೀ ಸಮುದ್ರ ಸೇರುತ್ತದೆ. ಮೂಡಣಕ್ಕೆ ಹೊರಳಿದ್ದು ಗುಹೆಯ ಶಿವನ ಗುಡಿಯಲ್ಲಿ ಹುಟ್ಟಿ, ಹಿರಣ್ಯಕೇಶಿ ಎನ್ನಿಸಿಕೊಂಡು, ಸಂಕೇಶ್ವರಕ್ಕೆ ಬಂದು, ಘಟಪ್ರಭೆಯನ್ನು ಕೂಡಿ, ಗೋಕಾಕದಲ್ಲಿ 52 ಮೀಟರ್ ಬೀಳುತ್ತದೆ. ಕೊನೆಗೆ ಕೃಷ್ಣೆಯ ಜೊತೆ ಬಂಗಾಲ ಕೊಲ್ಲಿಗೆ. ಗುಡಿಯ ಕೊಳದಲ್ಲಿ ಬೆರಳಿನಷ್ಟೂ ಇಲ್ಲದ ಒಂದು ಮೀನಿದೆ. ಅದಕ್ಕೆ ವಿಜ್ಞಾನಿಗಳು ಈ ನದಿಯ ಹೆಸರನ್ನೇ ಇಟ್ಟಿದ್ದಾರೆ. ಅದರ ಸಲುವಾಗಿಯೇ 2021ರಲ್ಲಿ ಮಹಾರಾಷ್ಟ್ರ ಸರಕಾರ ಈ ಜಾಗವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿತು.

ಮೀನಿನ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗೋಕಾಕದ ಮಾತು ಹಾಕಿಕೊಂಡರು. "ಅಂದ್ರ ಇದs ನೀರು ನಮ್ಮ ಜಿಲ್ಲಾಕ್ಕ ತಾನಾಗೇ ಬರತೈತಿ. ಮತ್ತ ನಾವ್ಯಾಕ ಡೀಜೆಲ್ ಸುಟ್ಟು ಇಲ್ಲಿ ಬಂದ್ವಿ?" ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು.

"ಗೋಕಾಕದಾಗ ರಿಟೇಲ್ರೀ. ಇದು ಹೋಲ್‌ಸೇಲ್," ಎಂದ ಗೈಡ್. ಅಣ್ಣಾವರು ಮೊದಲ ಸಲ ಅವನನ್ನು ತಿರುಗಿ ನೋಡಿದರು.

ಆಂಬೋಲಿಯ ದೊಡ್ಡ ಜಲಪಾತ ಘಟ್ಟದ ರಸ್ತೆಗೇ ಬಂದು ಬೀಳುತ್ತದೆ. ಮೆಟ್ಟಿಲೇರಿದರೆ ನೀರು, ಇಳಿದರೆ ಸುಟ್ಟ ಗೋವಿನಜೋಳ, ವಡಾಪಾವ್, ಎರಡಕ್ಕೂ ಕಾದಿರುವ ಮಂಗ. ನಮ್ಮವರು ನೀರನ್ನು ನೋಡಿದ ಬಗೆ ನೋಡುವ ಹಾಗಿತ್ತು. ತಲೆಯೆತ್ತಿ ಉದ್ದ ಅಳೆದರು, ಆಚೀಚೆ ನೋಡಿ ಪನ್ನ ಅಳೆದರು, "ಸೆರಗಿನ ಕಡೆ ತೆಳು ಆತು" ಎಂದರು. "ಜುಲೈದಾಗ ಇದರ ನಾಲ್ಕ್ ಪಟ್ಟು ಇರತಿತ್ತಂತಲ್ಲಾ?" ಎಂದು ಗೈಡನನ್ನು ಹಿಡಿದರು. "ಇರತಿತ್ರಿ. ಆದ್ರ ಜುಲೈದಾಗ ದೋಣಿ ಇರತಿರಲಿಲ್ಲ. ಯಾವದ ಬೇಕು ಹೇಳ್ರಿ, ಅದನ್ನಷ್ಟ ಕಟ್ಟಿ ಕೊಡತೇನಿ." ಎರಡೂ ಬೇಕಾಗಿದ್ದವರು ಬಾಯಿ ಮುಚ್ಚಿ ನೆನೆದರು. ಹತ್ತು ನಿಮಿಷದ ಪಾಯಿಂಟು ಚೌಕಾಶಿಯಲ್ಲಿ ಅರ್ಧ ತಾಸಾಯಿತು.

ಸಾವಂತವಾಡಿಯಲ್ಲಿ ಮೋತಿ ತಲಾವ್ ಎಂಬ ಕೆರೆ ಕಿಟಕಿಯಿಂದಲೇ ಮುಗಿಯಿತು. ಕಟ್ಟಿಗೆಯ ಆಟಿಕೆಯ ಅಂಗಡಿಗಳೂ ಹಾಗೆಯೇ ಹಿಂದೆ ಸರಿದವು. ಅದನ್ನೂ ಪಾಯಿಂಟಿನ ಲೆಕ್ಕಕ್ಕೆ ಹಿಡಿದದ್ದಕ್ಕೆ ಒಂದು ಸಣ್ಣ ಗದ್ದಲವಾಯಿತು.

ಮಾಲವಣದಲ್ಲಿ ದೋಣಿ ಹತ್ತಿದೆವು. ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕಟ್ಟಿಕೊಂಡ ಮಾವಶಿ, "ಇದರ ಬಣ್ಣ ಇದಕ್ಕ ಹೊಂದೂದಿಲ್ಲ" ಎಂದು ದೋಣಿಯವನಿಗೆ ಹೇಳಿದರು. ಬೇರೆ ಬಣ್ಣ ಇರಲಿಲ್ಲ. ಕುರಟೆ ಎಂಬ ನಡುಗಡ್ಡೆಯ ಮೇಲೆ ಶಿವಾಜಿ ಮಹಾರಾಜರು 1664ರಲ್ಲಿ ಕಟ್ಟಲು ತೊಡಗಿದ ಸಿಂಧುದುರ್ಗ 48 ಎಕರೆಯ ಕೋಟೆ. ದೋಣಿಯವನು ಕೊಟ್ಟದ್ದು ಒಂದು ತಾಸು. "ಎಕರೆಗೆ ಒಂದೂಕಾಲು ನಿಮಿಷ" ಎಂದು ಅಣ್ಣಾವರು ನಿಂತಲ್ಲೇ ಲೆಕ್ಕ ಹಾಕಿದರು. ಹತ್ತಿರ ಹೋಗುವ ತನಕ ಬಾಗಿಲೇ ಕಾಣದಂತೆ ಗೋಡೆಯನ್ನು ಬಳುಕಿಸಿದ್ದು, ಬುನಾದಿಗೆ ಕಾದ ಸೀಸ ಸುರಿದದ್ದು, ಮಗ ರಾಜಾರಾಮ ಕಟ್ಟಿಸಿದ ಶಿವಾಜಿಯ ಗುಡಿ, ಗಾರೆಯಲ್ಲಿ ಉಳಿದಿರುವ ಮಹಾರಾಜರ ಅಂಗೈ ಅಂಗಾಲಿನ ಗುರುತು, ಎಲ್ಲವನ್ನೂ ಗೈಡ್ ಓಡುತ್ತಲೇ ಹೇಳಿದ. ನಾವು ಓಡುತ್ತಲೇ ಕೇಳಿದೆವು. ಸುತ್ತ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಮೂರು ಬಾವಿಗಳಿವೆ; ಹೆಸರು ಹಾಲಿನ ಬಾವಿ, ಮೊಸರಿನ ಬಾವಿ, ಸಕ್ಕರೆ ಬಾವಿ. ಮಾವಶಿ ಅಲ್ಲೊಂದು ಕಟ್ಟೆ ಹುಡುಕಿ ಕೂತೇಬಿಟ್ಟರು. "ಹಾಲು ಆತು, ಸಕ್ರಿ ಆತು. ಚಹಾಪುಡಿದೂ ಒಂದು ಬಾವಿ ತೋಡಿಸಿದ್ರ ನಾ ಇಲ್ಲಿಂದ ಏಳತಿರಲಿಲ್ಲ."

ಊಟದ ಹೊತ್ತಿಗೆ ಪ್ರವಾಸ ಎರಡು ಪಂಗಡವಾಯಿತು. ಒಂದು ಪಂಗಡ ಬಂಗಡೆ, ಸುರಮೈ ತಟ್ಟೆಗಳ ಮೇಲೆ ಬಗ್ಗಿತು. ಇನ್ನೊಂದು ಪಂಗಡ ಬೆನ್ನು ತಿರುಗಿಸಿ ಮಾವಶಿಯ ರೊಟ್ಟಿಗೆ ಶರಣಾಯಿತು. ಸೋಲಕಢಿ ಮಾತ್ರ ಎರಡೂ ಕಡೆ ಹರಿದಾಡಿತು. ಅಣ್ಣಾವರು ಲಿಂಗಾಯತರು. ಹೋಟೆಲಿನವನಿಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಥಾಳಿಯೊಳಗಿನ ಮೀನು ತಗದ್ರ ಎಷ್ಟ್ ಕಡಿಮಿ ಮಾಡ್ತಿ?" ಹೋಟೆಲಿನವನು ಬಹಳ ಹೊತ್ತು ಅವರನ್ನೇ ನೋಡಿ, ಏನೂ ಹೇಳದೆ ಒಂದು ಹಿಡಿ ಮಾಲವಣಿ ಖಾಜಾ ತಂದಿಟ್ಟು ಹೋದ.

ಇಷ್ಟರಲ್ಲಿ ಗೈಡ್ ಮುಖ ಸಣ್ಣದು ಮಾಡಿಕೊಂಡಿದ್ದ. ಅವನ "ಐದs ಮಿನಿಟ, ಮಂಡಳಿ!" ಎಂಬ ಕೂಗಿನಲ್ಲಿ ಆರ್ತತೆ ಬಂದಿತ್ತು. ಕಾರಣ ದೇವಬಾಗದಲ್ಲಿ ತಿಳಿಯಿತು. ದೇವಬಾಗವೆಂದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾರ್ಲಿ ನದಿ, ನಡುವೆ ತೆಂಗು ನಿಂತ ಮರಳಿನ ಪಟ್ಟಿ. ಪಟ್ಟಿ ಮುಗಿದು ನದಿ ಸಮುದ್ರ ಸೇರುವ ಅಳಿವೆಯಲ್ಲಿ ಆ ದ್ವೀಪ. 2004ರ ಡಿಸೆಂಬರಿನ ಸುನಾಮಿಯ ನಂತರ ಎದ್ದದ್ದು ಎನ್ನುತ್ತಾರೆ ಅಲ್ಲಿನವರು, ಹೆಸರು ಅದಕ್ಕೇ. ದ್ವೀಪವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಮರವಿಲ್ಲ, ಮನೆಯಿಲ್ಲ. ಮರಳಿನ ಒಂದು ದಿಬ್ಬ. ಇಳಿತದಲ್ಲಿ ತಲೆಯೆತ್ತುತ್ತದೆ, ಉಬ್ಬರ ಬಂದಂತೆ ಮುಳುಗುತ್ತ ಹೋಗುತ್ತದೆ. ನಾವು ಮುಟ್ಟಿದಾಗ ನಾಲ್ಕು ದಾಟಿತ್ತು. ಉಬ್ಬರ ಮಧ್ಯಾಹ್ನದಿಂದಲೇ ಏರುತ್ತಿತ್ತು.

"ಬರಕೊಟ್ಟಿದ್ದು ದ್ವೀಪ. ಇದು ದ್ವೀಪ ಏನೋ ತಮ್ಮಾ? ಇಷ್ಟ ಉಸುಕು ನಮ್ಮ ಮನಿ ಕಟ್ಟೂವಾಗ ಓಣ್ಯಾಗ ಬಿದ್ದಿತ್ತು," ಎಂದರು ಅಣ್ಣಾವರು ಮೊಣಕಾಲು ನೀರಿನಲ್ಲಿ ನಿಂತು. ಗೈಡ್ ಸುಮ್ಮನಿದ್ದ. ದೋಣಿಯ ಮುದುಕನೇ ಮರಾಠಿಯಲ್ಲಿ ಸಮಾಧಾನ ಹೇಳಿದ. ಸಮುದ್ರದ ಗಡಿಯಾರ ತಿಥಿಯದು. ದಿನಕ್ಕೆ ಮುಕ್ಕಾಲು ತಾಸಿನ ಮೇಲಷ್ಟು ಹಿಂದೆ ಬೀಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೆಯುವುದರಿಂದ ಉಬ್ಬರ ಬಲು ಜೋರು, ಅದು ತುಂಬಿದಾಗ ಈ ಮರಳು ಕಾಣುವುದೇ ಇಲ್ಲ. ಅಷ್ಟಮಿಗೆ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆದು ಉಬ್ಬರ ಸೊರಗುತ್ತದೆ. "ಇವತ್ತು ಅಷ್ಟಮಿ. ಅದಕ್ಕೇ ನಿಮಗೆ ನಿಲ್ಲಲು ಇಷ್ಟಾದರೂ ಜಾಗ ಉಳಿದಿದೆ."

ಅಣ್ಣಾವರ ಕಣ್ಣು ಹೊಳೆದವು. "ಅಂದ್ರ ಸಮುದ್ರಾನೂ ಪಿತೃಪಕ್ಷದಾಗ ಡಿಸ್ಕೌಂಟ್ ಕೊಡತೈತಿ ಅನ್ರಿ!"

ಆಮೇಲೆ ಅವರು ತಕರಾರು ಮಾಡಲಿಲ್ಲ. ಹುಡುಗರು ಬನಾನಾ ಬೋಟಿಗೆ ದರ ಇಳಿಸುತ್ತಿದ್ದರೆ ಇವರು ಧೋತರ ಎತ್ತಿಕಟ್ಟಿ ನೀರಿನ ಅಂಚನ್ನೇ ನೋಡುತ್ತ ನಿಂತರು. ನನಗೂ ಆ ಮರಳಿನ ಹಿಕಮತ್ತು ಹೊಳೆಯಿತು. ಘಟ್ಟದ ಮೇಲಿನದನ್ನು ಕೆರೆದು ತಂದು ನದಿ ಇಲ್ಲಿ ಸುರಿಯುತ್ತದೆ. ಇಷ್ಟು ಬೇಡವೆಂದು ಸಮುದ್ರ ದೂಡುತ್ತದೆ. ತಗೋ ಎಂದು ನದಿ ಮತ್ತೆ ತಳ್ಳುತ್ತದೆ. ಇಬ್ಬರ ಮಾತೂ ನಡೆಯದೆ ನಡುವೆ ಉಳಿದದ್ದೇ ದ್ವೀಪ. ಶಹಾಪುರದವರಿಗೆ ಅಪರಿಚಿತವಾದದ್ದೇನೂ ಅಲ್ಲಿರಲಿಲ್ಲ. ಅಂಗುಲ ಅಂಗುಲವಾಗಿ ಅದು ನಮ್ಮ ಕಾಲಡಿಯಲ್ಲಿ ಕಡಿಮೆಯಾಯಿತು. ಐದಕ್ಕೆ ದೋಣಿ ಹತ್ತಿದೆವು.

ರಾತ್ರಿ ಶಿನೋಳಿ ದಾಟಿದ ಮೇಲೆ ಗೈಡ್ ಬಾಕಿ ವಸೂಲಿಗೆ ಎದ್ದ. ಅಣ್ಣಾವರು ಸಿದ್ಧರಾಗಿಯೇ ಇದ್ದರು. ಕಾವಳೆಸಾದದ ನೀರು ವಾಪಸಾಯಿತು, ಅದಕ್ಕೆ ಐವತ್ತು. ಕೆರೆ ಕಿಟಕಿಯಿಂದ ತೋರಿಸಿದೆ, ಅದಕ್ಕೆ ಐವತ್ತು. ದ್ವೀಪ ನೋಡನೋಡುತ್ತ ಸಣ್ಣದಾಯಿತು, ಅದಕ್ಕೆ ನೂರು. ಒಟ್ಟು ಇನ್ನೂರು, ಬಾಕಿ ಇಲ್ಲ.

ಹುಡುಗ ಗಾಬರಿಯಾಗಲಿಲ್ಲ. "ಖರೆ ಐತ್ರಿ ಅಣ್ಣಾರ. ಆದ್ರ ಹತ್ತ್ ಮಿನಿಟಿನ ದಬದಬಿ ಅರ್ಧ ತಾಸು ನೋಡೀರಿ, ಅದರದು ಎಪ್ಪತ್ತು. ಕಾವಳೆಸಾದದಾಗ ಮೈಮ್ಯಾಲೆ ಸ್ನಾನ ಆತು, ಮೂವತ್ತು. ಅಷ್ಟಮಿಗೆ ಉಳದ ಉಸುಕು ಪಟ್ಟಿಯೊಳಗ ಇರಲಿಲ್ಲ, ಅದು ಜಾಸ್ತಿ ಕೊಟ್ಟ ಮಾಲು, ನೂರು. ಎಷ್ಟಾತು ನೀವs ಕೂಡಿಸ್ರಿ."

ಬಸ್ಸು ಗಪ್ಪಾಯಿತು. ಅಣ್ಣಾವರು ಎರಡು ನೂರರ ನೋಟು ತೆಗೆದು ಕೊಟ್ಟರು. ಹಾಗೆ ಕೊಟ್ಟದ್ದನ್ನು ಗಲ್ಲಿಯಲ್ಲಿ ಯಾರೂ ಕಂಡದ್ದಿಲ್ಲ. ಆಮೇಲೆ ಪಕ್ಕದ ಸೀಟಿನಿಂದ ಮಾವಶಿಯ ಡಬ್ಬಿ ಸರಿಸಿ ಹುಡುಗನನ್ನು ಕೂಡಿಸಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದರು: "ಮುಂದ ದಸರಾ ಸೀಜನ್ ಐತಿ. ಕೌಂಟರಿಗೆ ಹುಡುಗ್ರು ಬೇಕಾಗ್ಯಾರ. ನಮ್ಮ ಅಂಗಡಿಗೆ ಬರ್ತಿಯೇನು?"

"ಪಗಾರ ಎಷ್ಟ್ರೀ?" ಎಂದ ಹುಡುಗ.

ಅಣ್ಣಾವರು ಒಂದು ಅಂಕಿ ಹೇಳಿದರು. ಹುಡುಗ ಎದ್ದು, ಬಸ್ಸಿನ ಮೆಟ್ಟಿಲಿನ ತನಕ ನಡೆದ.